ಲೂಸರ್ನ್ ವ್ಯಾಲಿಯಿಂದ ಲಾ ಪಾಜ್‌ವರೆಗೆ: ಮರುಭೂಮಿಯ ಬೈಕ್ ರೇಸಿನ ಜಾಡು ಹಿಡಿದು

ಮೊದಲ ದಿನ: ಲೂಸರ್ನ್ ವ್ಯಾಲಿ, ಕ್ಯಾಲಿಫೋರ್ನಿಯಾ

ಲಾಸ್ ಏಂಜಲಿಸ್ ಬಿಟ್ಟು ಕಹೋನ್ ಪಾಸ್ ಹತ್ತಿ ದಾಟಿದರೆ ಮೊಹಾವಿ ಮರುಭೂಮಿ ಶುರು. ಲೂಸರ್ನ್ ವ್ಯಾಲಿಯ ನಂತರ ಡಾಂಬರು ಮುಗಿದ ಮೇಲೆ ಯಾರನ್ನೂ ದಾರಿ ಕೇಳಬೇಕಿಲ್ಲ. ಕ್ಲಬ್ಬಿನವರು ಪೊದೆಗಳಿಗೆ ಕಟ್ಟಿದ ರಿಬ್ಬನ್ ಹಿಡಿದು ಹೋದರೆ ಸಾಕು, ಒಣಕೆರೆಯ ದಂಡೆಯಲ್ಲಿ ವ್ಯಾನು, ಪಿಕಪ್, ಟ್ರೈಲರುಗಳ ಒಂದು ಊರೇ ಎದ್ದಿರುತ್ತದೆ. ನವೆಂಬರಿನ ಭಾನುವಾರ, ಬೆರಳು ಮರಗಟ್ಟುವ ಚಳಿ. ಬಂದವರಿಗೆ ಇಲ್ಲಿ ಮೊದಲು ಹೇಳುವುದು ಬೈಕಿನ ವಿಷಯವಲ್ಲ, ಆಮೆಯ ವಿಷಯ: ನಿಂತ ಗಾಡಿ ಹೊರಡಿಸುವ ಮುನ್ನ ಬಗ್ಗಿ ಅಡಿಯಲ್ಲಿ ನೋಡಿ. ಮರುಭೂಮಿ ಆಮೆಗೆ 1990ರಿಂದ ಕಾನೂನಿನ ರಕ್ಷಣೆ ಇದೆ. ಬಿಸಿಲು ಏರಿದಾಗ ನೆರಳು ಹುಡುಕಿ ಅದು ಗಾಡಿಯಡಿ ಸೇರುತ್ತದೆ. ಚಳಿಗಾಲದಲ್ಲಿ ಹೆಚ್ಚಿನವು ಬಿಲದಲ್ಲೇ ಇರುತ್ತವೆ, ಆದರೂ ಬಗ್ಗಿ ನೋಡುವ ಅಭ್ಯಾಸವನ್ನು ಯಾರೂ ಬಿಟ್ಟಿಲ್ಲ.

ಹವ್ಯಾಸಿಗಳ ಮರುಭೂಮಿ ರೇಸಿಗೆ ಇಲ್ಲಿ ಹೇರ್ ಅಂಡ್ ಹೌಂಡ್ ಎನ್ನುತ್ತಾರೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ನಡೆಸುವುದು ಎಎಂಎ (ಅಮೆರಿಕದ ಬೈಕ್ ಸವಾರರ ಸಂಘ) ಡಿಸ್ಟ್ರಿಕ್ಟ್ 37ಕ್ಕೆ ಸೇರಿದ ಕ್ಲಬ್‌ಗಳು, ಒಂದೊಂದು ರೇಸಿಗೆ ಒಂದೊಂದು ಕ್ಲಬ್. ರಿಬ್ಬನ್ ಕಟ್ಟುವುದು, ಚೆಕ್‌ಪಾಯಿಂಟ್‌ನಲ್ಲಿ ನಿಲ್ಲುವುದು, ಮುಗಿದ ಮೇಲೆ ಆ ರಿಬ್ಬನ್ನೆಲ್ಲ ಬಿಚ್ಚಿ ತರುವುದು, ಎಲ್ಲವೂ ಸದಸ್ಯರದೇ ಬಿಟ್ಟಿ ಕೆಲಸ. ನೆಲ ಸರ್ಕಾರದ್ದು, ಅನುಮತಿಯ ಷರತ್ತು ಬಿಗಿ. ಸೈಲೆನ್ಸರಿನಲ್ಲಿ ಕಿಡಿ ತಡೆಯುವ ಜಾಲರಿ ಇರಲೇಬೇಕು, ನಿಂತಲ್ಲೇ ಅಳೆದಾಗ ಸದ್ದು 96 ಡೆಸಿಬಲ್ ಮೀರಬಾರದು. ಸೈಲೆನ್ಸರಿನೊಳಗೆ ತುಂಬಿದ ಹತ್ತಿಯಂಥ ನಾರು ಸುಟ್ಟುಹೋಗಿದ್ದರೆ ಸದ್ದು ಸುಲಭವಾಗಿ ಮಿತಿ ದಾಟುತ್ತದೆ. ಅದಕ್ಕೇ ಹೊರಡುವ ವಾರವೇ ಆ ನಾರು ಬದಲಿಸಿ ಬರುವುದು ಜಾಣತನ.

ಈ ರೇಸಿನ ಸೊಗಸೆಲ್ಲ ಮೊದಲ ಎರಡು ನಿಮಿಷದಲ್ಲಿದೆ. ನೂರಾರು ಮಂದಿ ಒಂದೇ ಅಡ್ಡಸಾಲಿನಲ್ಲಿ ನಿಂತು ಎಂಜಿನ್ ಆಫ್ ಮಾಡುತ್ತಾರೆ. ಮುಂದೆ ಬ್ಯಾನರ್ ಮೇಲೇರುತ್ತದೆ. ಆಗ ಕೇಳಿಸುವುದು ಗಾಳಿ ಮಾತ್ರ. ಬ್ಯಾನರ್ ಕೆಳಗೆ ಬಿದ್ದ ಕ್ಷಣ ಅಷ್ಟೂ ಎಂಜಿನ್ ಒಟ್ಟಿಗೆ ಹೊತ್ತಿಕೊಂಡು, ಒಂದೆರಡು ಮೈಲಿ ಆಚೆಗಿನ ಗುರುತಿನತ್ತ ದಾರಿಯೇ ಇಲ್ಲದ ಬಯಲಿನಲ್ಲಿ ನುಗ್ಗುತ್ತವೆ. ಈ ಓಟಕ್ಕೆ ಬಾಂಬ್ ರನ್ ಎಂದು ಹೆಸರು. ಹಿಂದೆ ಆ ತುದಿಯಲ್ಲಿ ಹಳೆಯ ಟೈರ್ ಸುಟ್ಟು ಕಪ್ಪು ಹೊಗೆ ಎಬ್ಬಿಸುತ್ತಿದ್ದರು.

ಸಾಲಿನಲ್ಲಿ ಎಲ್ಲಿ ನಿಲ್ಲಬೇಕು ಎಂಬುದರಲ್ಲೇ ಅರ್ಧ ಫಲಿತಾಂಶ. ನೋಡಬೇಕಾದದ್ದು ಗಾಳಿಯನ್ನು. ಅಡ್ಡಗಾಳಿ ಇದ್ದರೆ ಅದು ಬೀಸಿ ಬರುವ ಬದಿಯ ತುದಿಯೇ ಸರಿ, ಮಿಕ್ಕವರೆಲ್ಲರ ಧೂಳು ಆಚೆ ಹೋಗುತ್ತದೆ. ನಡುವೆ ನಿಂತವರು ಮೊದಲ ಐದು ಸೆಕೆಂಡಿನಲ್ಲಿ ಮುಂದೆ ಹೋಗದಿದ್ದರೆ ಮುಗಿಯಿತು, ತಮ್ಮ ಮುಂದಿನ ಚಕ್ರವೇ ತಮಗೆ ಕಾಣುವುದಿಲ್ಲ. ಇನ್ನೊಂದು ಸಣ್ಣ ಸಂಗತಿ. ಚಳಿಗೆ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲಿ ಅಂಟಿಕೊಂಡಿರುತ್ತವೆ. ಎರಡನೇ ಗೇರಿನಲ್ಲಿ ಕ್ಲಚ್ ಹಿಡಿದು ಸ್ಟಾರ್ಟರ್ ಒತ್ತಿದರೆ ಬೈಕು ಮುಗ್ಗರಿಸಿ ಎಂಜಿನ್ ಹಿಡಿಯದೆ ಹೋಗಬಹುದು. ಎಂಜಿನ್ ಆರಿಸುವ ಮುನ್ನ ಚೆನ್ನಾಗಿ ಬಿಸಿ ಮಾಡಿ, ಆರಿಸಿದ ಮೇಲೆ ಗೇರಿನಲ್ಲಿ ಕ್ಲಚ್ ಹಿಡಿದು ಬೈಕನ್ನು ನಾಲ್ಕಾರು ಸಲ ಹಿಂದೆ ಮುಂದೆ ಜಗ್ಗಿದರೆ ಪ್ಲೇಟು ಬಿಟ್ಟುಕೊಳ್ಳುತ್ತವೆ.

ಬಾಂಬ್ ರನ್‌ನ ಗುರುತು ದಾಟಿದ ಮೇಲೆ ರಿಬ್ಬನ್ ಕಟ್ಟಿದ ದಾರಿ. 40 ಮೈಲಿ ಆಸುಪಾಸಿನ ಸುತ್ತು ಒಂದು, ಪಿಟ್‌ಗೆ ಬಂದು ಪೆಟ್ರೋಲ್ ತುಂಬಿಕೊಂಡು ಇನ್ನೊಂದು. ಕೆಳಮುಖದ ಬಾಣ ಕಂಡರೆ ಮುಂದೆ ಅಪಾಯ, ಡಬ್ಲ್ಯು ಅಕ್ಷರ ಕಂಡರೆ ದಾರಿ ತಪ್ಪಿದೆ, ತಿರುಗಿ. ಎಕ್ಸ್‌ಪರ್ಟ್‌ಗಳ ಸಾಲು ಹೋದ ಕೆಲವು ನಿಮಿಷಕ್ಕೆ ಹಿಂದಿನ ದರ್ಜೆಯವರ ಸಾಲು ಬಿಡುತ್ತಾರೆ. ಆ ಕೆಲವು ನಿಮಿಷವೂ ಧೂಳು ಇಳಿಯಲಿ ಅಂತಲೇ.

ಚೆಕ್‌ಪಾಯಿಂಟ್‌ನಲ್ಲಿ ಕುರ್ಚಿ ಹಾಕಿ ಕೂತಿದ್ದ ಕ್ಲಬ್ಬಿನ ಹಿರಿಯರೊಬ್ಬರು ಬಾರ್‌ಸ್ಟೋ–ವೇಗಸ್ ಓಟದ ಮಾತು ತೆಗೆದರು. 1974ರಲ್ಲಿ ಅದಕ್ಕೆ ಮೂರು ಸಾವಿರಕ್ಕೂ ಹೆಚ್ಚು ಸವಾರರು ಬಂದಿದ್ದರು. ಮರುವರ್ಷ ಅನುಮತಿ ಸಿಗಲಿಲ್ಲ, 1983ರಲ್ಲಿ ಮತ್ತೆ ಶುರುವಾಗಿ 1989ಕ್ಕೆ ನಿಂತೇಹೋಯಿತು. “ಮೂರು ಸಾವಿರ ಬೈಕಿನ ಧೂಳು ಇಳಿಯೋಕೆ ಮಧ್ಯಾಹ್ನ ಆಗ್ತಿತ್ತು ಕಣಯ್ಯ” ಅಂದರು. ಇದೇ ಬಯಲಿನ ರೇಸುಗಳಲ್ಲಿ ಬೆಳೆದವರೇ ಹೆಸ್ಪೀರಿಯಾದ ರಿಕಿ ಬ್ರಾಬೆಕ್. 2020ರಲ್ಲಿ ಡಾಕರ್ ರ‍್ಯಾಲಿಯ ಬೈಕ್ ವಿಭಾಗ ಗೆದ್ದ ಮೊದಲ ಅಮೆರಿಕನ್ ಅವರು, 2024ರಲ್ಲಿ ಮತ್ತೊಮ್ಮೆ ಗೆದ್ದರು.

ಎರಡನೇ ದಿನ: ತೆಕಾತೆ ದಾಟಿ ಎನ್ಸೆನಾಡಾ

ಗಡಿಯ ವಿಷಯ ಎರಡೇ ಮಾತು: ಅಮೆರಿಕದ ವಾಹನ ವಿಮೆ ಮೆಕ್ಸಿಕೋದಲ್ಲಿ ನಡೆಯುವುದಿಲ್ಲ, ಅಲ್ಲಿಯದೇ ಮಾಡಿಸಬೇಕು; ಪ್ರವಾಸಿ ಪರವಾನಗಿಯ ಚೀಟಿಯನ್ನು ಗಡಿಯಲ್ಲೇ ಕೇಳಿ ಪಡೆಯಬೇಕು. ತೆಕಾತೆ ಗಡಿ ತಿಹುವಾನಾಕ್ಕಿಂತ ಚಿಕ್ಕದು, ಅಲ್ಲಿಂದ 3ನೇ ಹೆದ್ದಾರಿ ದ್ರಾಕ್ಷಿ ತೋಟಗಳ ನಡುವೆ ಇಳಿದು ಸಮುದ್ರ ತೋರಿಸುತ್ತದೆ.

ಎನ್ಸೆನಾಡಾ ಎಂದರೆ ಬಾಹಾ 1000. ಪ್ರತಿ ನವೆಂಬರಿನಲ್ಲಿ ಮೆಕ್ಸಿಕೋದ ಬಾಹಾ ಪರ್ಯಾಯ ದ್ವೀಪದಲ್ಲಿ ಬೈಕು, ಬಗ್ಗಿ, ಟ್ರಕ್ಕುಗಳಿಗೆ ನಡೆಯುವ ಈ ಮರುಭೂಮಿ ಓಟ ಹೆಚ್ಚಾಗಿ ಇಲ್ಲಿಂದಲೇ ಹೊರಡುತ್ತದೆ. ಕೆಲವು ವರ್ಷ ಸುತ್ತು ಹಾಕಿ ಇಲ್ಲಿಗೇ ಮರಳುತ್ತದೆ, ಕೆಲವು ವರ್ಷ ಪರ್ಯಾಯ ದ್ವೀಪದ ಉದ್ದಕ್ಕೂ ಇಳಿದು ದಕ್ಷಿಣ ತುದಿಯ ಹತ್ತಿರದ ಲಾ ಪಾಜ್ ಸೇರುತ್ತದೆ. ಸಾವಿರ ಮೈಲಿ ಎಂಬುದು ಹೆಸರಿಗೆ, ನಿಜವಾದ ದೂರ ವರ್ಷವರ್ಷವೂ ಬೇರೆ. ಇದರ ಬೇರು 1962ರಲ್ಲಿದೆ. ಡೇವ್ ಎಕಿನ್ಸ್ ಮತ್ತು ಬಿಲ್ ರಾಬರ್ಟ್‌ಸನ್ ಜೂನಿಯರ್ 250 ಸಿಸಿಯ ಹೋಂಡಾ ಸ್ಕ್ರ್ಯಾಂಬ್ಲರ್‌ಗಳಲ್ಲಿ ತಿಹುವಾನಾದಿಂದ ಲಾ ಪಾಜ್‌ಗೆ ಹೊರಟರು. ಹೊರಟ ಹೊತ್ತು, ತಲುಪಿದ ಹೊತ್ತು ಎರಡಕ್ಕೂ ತಂತಿ ಕಚೇರಿಯ ಮುದ್ರೆಯೇ ಸಾಕ್ಷಿ. ಎಕಿನ್ಸ್‌ಗೆ ಹಿಡಿದದ್ದು 39 ಗಂಟೆ 56 ನಿಮಿಷ. 1967ರಲ್ಲಿ ಮೊದಲ ಅಧಿಕೃತ ರೇಸ್ ನಡೆದಾಗ ಮೇಯರ್ಸ್ ಮ್ಯಾಂಕ್ಸ್ ಬಗ್ಗಿಯೊಂದು (ಮರಳಿನಲ್ಲಿ ಓಡುವ ಚಿಕ್ಕ ತೆರೆದ ಕಾರು) 27 ಗಂಟೆ 38 ನಿಮಿಷದಲ್ಲಿ ಮುಟ್ಟಿತು. ಆಗ ಡಾಂಬರಿನ ಹೆದ್ದಾರಿಯೇ ಇರಲಿಲ್ಲ, ಅದು ಪೂರ್ತಿಯಾದದ್ದು 1973ರಲ್ಲಿ.

ಓಟಕ್ಕೆ ಇನ್ನೂ ಕೆಲವು ವಾರ ಇರುವಾಗಲೇ ಊರು ತುಂಬಿರುತ್ತದೆ, ಕಾರಣ ಪ್ರೀ-ರನ್. ಹೇರ್ ಅಂಡ್ ಹೌಂಡ್‌ನಲ್ಲಿ ದಾರಿ ಸವಾರನಿಗೆ ಹೊಸದು. ಬಾಹಾದಲ್ಲಿ ಜಿಪಿಎಸ್ ಫೈಲ್ ಮೊದಲೇ ಕೊಡುತ್ತಾರೆ, ಸವಾರ ತನ್ನ ಭಾಗವನ್ನು ಮೊದಲೇ ಓಡಿಸಿ ಬಾಯಿಪಾಠ ಮಾಡಬೇಕು. ಒಂದೇ ಬೈಕು, ಮೂರರಿಂದ ಆರು ಸವಾರರು, ಪಾಲು ಹಂಚಿಕೊಂಡು ಓಡಿಸುತ್ತಾರೆ. ಒಬ್ಬನೇ ಪೂರ್ತಿ ಓಡಿಸುವ ಐರನ್‌ಮ್ಯಾನ್ ವಿಭಾಗವೂ ಇದೆ. ಹನ್ನೊಂದು ಸಲ ಗೆದ್ದ ಜಾನಿ ಕ್ಯಾಂಪ್‌ಬೆಲ್ ಅವರಂಥವರ ಬಲ ವೇಗ ಮಾತ್ರವಲ್ಲ, ಯಾವ ಗುಡ್ಡದ ಆಚೆ ಏನಿದೆ ಎಂಬ ನೆನಪು.

ಸಂಜೆ ಗ್ಯಾರೇಜೊಂದರಲ್ಲಿ ಸಿದ್ಧವಾಗುತ್ತಿದ್ದ ಹೋಂಡಾ ಸಿಆರ್‌ಎಫ್ 450 ಎಕ್ಸ್ ನೋಡಲು ಸಿಕ್ಕಿತು. ಎಂಟು ಲೀಟರ್ ಆಸುಪಾಸಿನ ಮೂಲ ಟ್ಯಾಂಕ್ ತೆಗೆದು 12 ಲೀಟರಿನದು ಹಾಕಿದ್ದರು. ಪಿಟ್‌ಗಳು ಸುಮಾರು 50 ಮೈಲಿಗೊಂದು, ಮರಳಿನಲ್ಲಿ ಪೆಟ್ರೋಲ್ ಕುಡಿಯುವ ಲೆಕ್ಕ ಹಿಡಿದರೂ ಒಂದು ಪಿಟ್ ತಪ್ಪಿದರೆ ಹೇಗೋ ತಳ್ಳಬಹುದು. 13 ಹಲ್ಲಿನ ಮುಂದಿನ ಸ್ಪ್ರಾಕೆಟ್ ಬದಲು 14, ಹಿಂದೆ 51ರ ಬದಲು 47. ಅಂದರೆ ಅದೇ ಆರ್‌ಪಿಎಂಗೆ ಶೇಕಡಾ 16ಕ್ಕೂ ಹೆಚ್ಚು ವೇಗ, ಒಣಕೆರೆಯ ನೇರ ದಾರಿಗೆ ಅದು ಬೇಕು. ಹ್ಯಾಂಡಲ್ ಮೇಲೆ ಸ್ಟಿಯರಿಂಗ್ ಡ್ಯಾಂಪರ್, ಗಂಟೆಗೆ 140 ಕಿ.ಮೀ.ನಲ್ಲಿ ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಹ್ಯಾಂಡಲ್ ಅತ್ತಿತ್ತ ಒದೆಯುವುದನ್ನು ತಡೆಯಲು. ವಿದ್ಯುತ್ ಹುಟ್ಟಿಸುವ ಮೂಲ ಸ್ಟೇಟರ್ ದೊಡ್ಡ ದೀಪಕ್ಕೆ ಸಾಲದು, ಅದನ್ನು ಮತ್ತೆ ಸುತ್ತಿಸಿ ಹೆಚ್ಚು ವ್ಯಾಟ್ ಬರುವಂತೆ ಮಾಡಿದ್ದರು. ಹಿಂದಿನ ಚಕ್ರದ ಆಕ್ಸಲ್ ಸ್ಪೇಸರ್‌ಗಳು ಹಬ್‌ಗೇ ಕಚ್ಚಿಕೊಂಡಿರುವ ಬಗೆಯವು. ರಾತ್ರಿ ಚಕ್ರ ಬದಲಿಸುವಾಗ ಸ್ಪೇಸರ್ ಮರಳಿಗೆ ಬಿದ್ದು ಕಳೆದುಹೋದರೆ ಆ ತಂಡದ ರೇಸ್ ಅಲ್ಲಿಗೇ ಮುಗಿದಂತೆ.

ರಾತ್ರಿ ಊಟ ರಸ್ತೆಬದಿಯ ಮೀನಿನ ಟಾಕೊ. ಹಿಟ್ಟಿನಲ್ಲಿ ಅದ್ದಿ ಕರಿದ ಬಿಳಿ ಮೀನು, ಹೆಚ್ಚಿದ ಎಲೆಕೋಸು, ಕೆನೆ, ನಿಂಬೆ. ಹಸಿರು ಸಾಲ್ಸಾ ಮೊದಲು ಒಂದು ಹನಿ ರುಚಿ ನೋಡಿ, ಆಮೇಲೆ ಸುರಿದುಕೊಳ್ಳಿ.

ಮೂರನೇ ದಿನ: ಓಹೋಸ್ ನೆಗ್ರೋಸ್, ವಾಯೆ ದೆ ತ್ರಿನಿದಾದ್

ಬೆಳಗ್ಗೆ ಪೆಸಿಫಿಕ್‌ನಿಂದ ಎದ್ದ ಮಂಜು ಬೆಟ್ಟದವರೆಗೂ ತುಂಬಿತ್ತು. ರೇಸಿನ ದಿನ ಬೈಕುಗಳು ನಸುಕಿಗೂ ಮುಂಚೆ ಹೊರಡುತ್ತವೆ, ಅದೇ ಓಟದ ರೇಸ್ ಟ್ರಕ್ಕುಗಳು ಗಂಟೆಗಟ್ಟಲೆ ತಡವಾಗಿ. ಹಾಗಾಗಿ ಮೊದಲ ಸವಾರನ ಪಾಲಿಗೆ ಕತ್ತಲೂ ಮಂಜೂ ಒಟ್ಟಿಗೆ ಬರುತ್ತವೆ. ಮಂಜಿನಲ್ಲಿ ದೊಡ್ಡ ದೀಪ ಹಾಕಿದರೆ ಎದುರು ಬಿಳಿ ಗೋಡೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಪಕ್ಕಕ್ಕೆ ಹರಡುವ, ಕೆಳಗೆ ಬಾಗಿಸಿದ ಹಳದಿ ದೀಪವೇ ಸರಿ. ಗಾಗಲ್‌ನ ತೇವ ಗಾಜಿನ ಮೇಲೆ ಧೂಳು ಕೂತು ಕೆಸರಾಗುತ್ತದೆ, ಕೈಗವಸಿನಿಂದ ಒರೆಸಿದರೆ ಗಾಜು ಗೀರುಬೀಳುತ್ತದೆ. ಮೊದಲ ಪಿಟ್‌ನಲ್ಲೇ ಇನ್ನೊಂದು ಗಾಗಲ್ ತೆಗೆದಿಟ್ಟಿರುವ ತಂಡಕ್ಕೆ ಇಲ್ಲೇ ನಿಮಿಷಗಳ ಲಾಭ. ಬೈಕುಗಳನ್ನು ನಿಗದಿತ ಅಂತರದಲ್ಲಿ ಒಂದೊಂದಾಗಿ ಬಿಡುವುದರಿಂದ ಮುಂದಿನವನ ಧೂಳು ಸ್ವಲ್ಪ ಇಳಿದಿರುತ್ತದೆ. ಆದರೆ ಗಾಳಿಯಿಲ್ಲದ ಕಣಿವೆಯಲ್ಲಿ ಅದು ಗಂಟೆ ಕಳೆದರೂ ತೇಲುತ್ತಲೇ ಇರುತ್ತದೆ. ಮೊದಲು ಹೊರಡುವ ಬೈಕಿನ ಬೆಲೆ ಅಲ್ಲಿ ತಿಳಿಯುತ್ತದೆ.

ಓಹೋಸ್ ನೆಗ್ರೋಸ್ ಚೀಸ್‌ಗೆ ಹೆಸರಾದ ಕಣಿವೆ. ಗೇಟು ತೆಗೆದುಕೊಟ್ಟ ರೈತರೊಬ್ಬರು ಮೊದಲು ಹೇಳಿದ್ದು “ಹೇಗಿತ್ತೋ ಹಾಗೇ ಬಿಡಿ” ಅಂತ. ತೆರೆದಿದ್ದ ಗೇಟನ್ನು ಮುಚ್ಚಿದರೆ ದನಕ್ಕೆ ನೀರು ತಪ್ಪುತ್ತದೆ, ಮುಚ್ಚಿದ್ದನ್ನು ತೆರೆದು ಬಿಟ್ಟರೆ ದನ ಓಟದ ದಾರಿಗೆ ಬರುತ್ತವೆ. ಬೆಳಗ್ಗೆ, ಸಂಜೆ ಅವು ನೀರಿಗೆ ಹೋಗುವ ಹೊತ್ತು, ಆಗ ತಿರುವಿನಲ್ಲಿ ನಿಧಾನಿಸಿ ಎಂದರು. ಸುಮ್ಮನೆ ಹೇಳಿದ ಮಾತಲ್ಲ. 2013ರ ಬಾಹಾ 1000ರಲ್ಲಿ ಕರ್ಟ್ ಕಸೆಲ್ಲಿ ಮುಂಚೂಣಿಯಲ್ಲಿದ್ದಾಗಲೇ ಬಿದ್ದು ತೀರಿಕೊಂಡರು. ದಾರಿಯಲ್ಲಿ ಯಾರೋ ಗುಂಡಿ ತೋಡಿದ್ದರು ಎಂಬ ಸುದ್ದಿ ಮೊದಲು ಹಬ್ಬಿತು, ಆಮೇಲೆ ಅವರ ತಂಡ ಪ್ರಾಣಿಗೆ ಡಿಕ್ಕಿಯಾದದ್ದು ಎಂದು ಹೇಳಿತು. ಕಸೆಲ್ಲಿ ಕೂಡ ಹೇರ್ ಅಂಡ್ ಹೌಂಡ್‌ನ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು.

ಹಾಗೆಂದು ದಾರಿ ಕೆಡಿಸುವ ಮಾತು ಪೂರ್ತಿ ಸುಳ್ಳೂ ಅಲ್ಲ. ನೋಡುಗರು ಮೋಜಿಗಾಗಿ ದಾರಿಯಲ್ಲಿ ಮಣ್ಣು ಏರಿಸಿ ದಿಬ್ಬ ಮಾಡುತ್ತಾರೆ, ನೀರು ಬಿಡುತ್ತಾರೆ. ಪ್ರೀ-ರನ್‌ನಲ್ಲಿ ಇಲ್ಲದ್ದು ರೇಸಿನ ದಿನ ಇರುತ್ತದೆ. ಇದಕ್ಕೆ ಸವಾರರ ಸೂತ್ರ ಸರಳ: ಹೊರವಲಯದಲ್ಲಿ ಎಲ್ಲೂ ಜನವಿಲ್ಲದೆ ಒಂದೇ ಕಡೆ ಗುಂಪು, ಕೈಯಲ್ಲಿ ಫೋನ್ ಎತ್ತಿ ಹಿಡಿದಿದ್ದರೆ ಅಲ್ಲಿ ಏನೋ ಇದೆ ಎಂದೇ ಅರ್ಥ.

ವಾಯೆ ದೆ ತ್ರಿನಿದಾದ್‌ನ ಟೈರ್ ಅಂಗಡಿಯಲ್ಲಿ ಪ್ರೀ-ರನ್ನರ್ ಒಬ್ಬರ ಮುಂದಿನ ಚಕ್ರ ಬಿಚ್ಚಿಟ್ಟಿದ್ದರು. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳು. ಮುಳ್ಳು ಚುಚ್ಚಿದ್ದಲ್ಲ, ಗಾಳಿ ಕಡಿಮೆಯಿದ್ದು ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿದ್ದು. ಅಂಗಡಿಯವನ ಕೈಚಳಕ ನೋಡುವಂತಿತ್ತು. ಟೈರ್ ರಿಮ್ಮಿನ ಮೇಲೆ ಜಾರದಂತೆ ಹಿಡಿಯುವ ರಿಮ್ ಲಾಕ್‌ನ ನಟ್ಟನ್ನು ದಾರದ ತುದಿಯವರೆಗೆ ಸಡಿಲಿಸಿ ಒಳಕ್ಕೆ ತಳ್ಳಿದ. ಟೈರಿನ ಒಳಗೆಲ್ಲ ಬೆರಳಾಡಿಸಿ ಮುಳ್ಳು, ಕಲ್ಲು ಇಲ್ಲವೆಂದು ನೋಡಿಕೊಂಡ. ಹೊಸ ದಪ್ಪ ಟ್ಯೂಬಿಗೆ ಟಾಲ್ಕ್ ಪುಡಿ ಸವರಿ, ಸುಕ್ಕು ಬೀಳದಷ್ಟು ಗಾಳಿ ತುಂಬಿ ಕೂರಿಸಿದ. ಟೈರಿನ ಅಂಚನ್ನು ರಿಮ್ ಲಾಕ್ ಇರುವಲ್ಲಿ ಶುರುಮಾಡಿ ಎದುರು ಬದಿಯಲ್ಲಿ ಮುಗಿಸಿದ. ಲೀವರನ್ನು ಒಂದು ಸಲಕ್ಕೆ ಎರಡು ಬೆರಳಷ್ಟೇ ಒಳಗೆ ಹಾಕಿದ, ಆಳಕ್ಕೆ ಹೋದರೆ ಹೊಸ ಟ್ಯೂಬನ್ನೇ ಕಚ್ಚುತ್ತದೆ. ಅಂಚು ಸುತ್ತಲೂ ಸಮ ಕೂತ ಮೇಲೆ 15 ಪಿಎಸ್‌ಐಗೆ ಇಳಿಸಿ, ಆಮೇಲೆ ರಿಮ್ ಲಾಕ್ ಬಿಗಿದ. ವಾಲ್ವಿನ ನಟ್ಟನ್ನು ಮಾತ್ರ ರಿಮ್ಮಿಗೆ ಬಿಗಿಯದೆ ಕ್ಯಾಪಿನ ಕಡೆಗೆ ಏರಿಸಿಟ್ಟ. ಟೈರ್ ಜಾರಿದರೆ ವಾಲ್ವ್ ವಾಲಿ ಸುಳಿವು ಕೊಡುತ್ತದೆ, ನಟ್ಟು ಬಿಗಿದಿದ್ದರೆ ವಾಲ್ವ್ ಬುಡದಲ್ಲೇ ಹರಿಯುತ್ತದೆ.

ರೇಸಿನಲ್ಲಿ ಹೆಚ್ಚಿನವರು ಟ್ಯೂಬ್ ಬಿಟ್ಟು ಮೂಸ್ ಹಾಕುತ್ತಾರೆ. ಟೈರಿನೊಳಗೆ ತುಂಬುವ ಫೋಮ್ ಬಳೆ ಅದು, ಪಂಕ್ಚರ್ ಎಂಬ ಮಾತೇ ಇಲ್ಲ. ಆದರೆ ಅದಕ್ಕೆ ಬಿಸಿ ಆಗದು. ಒಳಗೆ ಅದರದೇ ಜೆಲ್ ಸರಿಯಾಗಿ ಸವರದಿದ್ದರೆ, ಅಥವಾ ಡಾಂಬರಿನಲ್ಲಿ ಎಡೆಬಿಡದೆ ಓಡಿಸಿದರೆ ಚೂರುಚೂರಾಗುತ್ತದೆ.

ನಾಲ್ಕನೇ ದಿನ: ಸಾನ್ ಫೆಲಿಪೆ

ಮೈಕ್ಸ್ ಸ್ಕೈ ರಾಂಚ್‌ನ ಕಲ್ಲಿನ ಇಳಿಜಾರು, ತೊರೆ ದಾಟಿ ಬಂದವರಿಗೆ ಸಾನ್ ಫೆಲಿಪೆ ಸಪಾಟಾಗಿ ಕಾಣುತ್ತದೆ. ಮೋಸ ಹೋಗಬೇಡಿ. ಈ ಊರಿನ ಸುತ್ತಲಿನ ವೂಪ್ಸ್ ಕುಖ್ಯಾತ. ಒಂದರ ಹಿಂದೊಂದು ಮರಳಿನ ಉಬ್ಬುತಗ್ಗು, ಎರಡು ಮೂರು ಅಡಿ ಆಳದವು, ಮೈಲಿಗಟ್ಟಲೆ. ಇವನ್ನು ಕಡೆಯುವುದು ಗಾಡಿಗಳ ಸಸ್ಪೆನ್ಷನ್ನೇ. ಒಂದು ಸಣ್ಣ ಉಬ್ಬಿಗೆ ಚಕ್ರ ಮೇಲೆ ಹಾರಿ ಕೆಳಗೆ ಬಿದ್ದಲ್ಲಿ ಮರಳು ಅಗೆಯುತ್ತದೆ, ಮುಂದಿನ ಗಾಡಿ ಅದೇ ಕುಳಿಯನ್ನು ಇನ್ನಷ್ಟು ಆಳ ಮಾಡುತ್ತದೆ. ಟ್ರೋಫಿ ಟ್ರಕ್ಕು ಎಂಬ ದೊಡ್ಡ ರೇಸ್ ಗಾಡಿಯ 39–40 ಇಂಚಿನ ಟೈರಿಗೆ ತಕ್ಕ ಅಳತೆಯ ಕುಳಿಗೆ 21 ಇಂಚಿನ ಬೈಕ್ ಚಕ್ರ ಪೂರ್ತಿ ಇಳಿಯುತ್ತದೆ.

ಇಲ್ಲಿ ಕೂತು ಓಡಿಸಲಾಗದು. ನಿಂತು, ಮೊಣಕಾಲಿನಿಂದ ಟ್ಯಾಂಕ್ ಬಿಗಿಹಿಡಿದು, ಮೈಭಾರ ಹಿಂದಕ್ಕೆ ಕೊಟ್ಟು, ಎಕ್ಸಲರೇಟರ್ ಒಂದೇ ಸಮ ಇಟ್ಟರೆ ಮುಂದಿನ ಚಕ್ರ ಉಬ್ಬಿನ ತಲೆಗಳ ಮೇಲೆ ಸವರಿಕೊಂಡು ಹೋಗುತ್ತದೆ. ಒಂದು ತಾಳ ತಪ್ಪಿ ಎಕ್ಸಲರೇಟರ್ ಬಿಟ್ಟರೆ ಮುಂದಿನ ಚಕ್ರ ಕುಳಿಗೆ ಇಳಿದು ಹಿಂದಿನದು ಎತ್ತಿ ಒಗೆಯುತ್ತದೆ. ಎಷ್ಟೇ ಗಟ್ಟಿಗನಾದರೂ ಹದಿನೈದು ಇಪ್ಪತ್ತು ನಿಮಿಷಕ್ಕೆ ಶಾಕ್‌ನ ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ, ಹಿಂಬದಿ ಚೆಂಡಿನಂತೆ ಪುಟಿಯತೊಡಗುತ್ತದೆ. ಆಗ ನಿಧಾನಿಸುವುದೊಂದೇ ದಾರಿ. ಕೂತ ಸವಾರನ ಭಾರಕ್ಕೆ ಹಿಂಬದಿ ಇಳಿಯುವ ಅಳತೆ 100–105 ಮಿ.ಮೀ. ಇರಬೇಕು. ಅದಕ್ಕಿಂತ ಹೆಚ್ಚು ಇಳಿದರೆ ವೂಪ್ಸ್‌ನಲ್ಲಿ ತಳ ಬಡಿಯುತ್ತದೆ, ಕಡಿಮೆಯಾದರೆ ಮುಂಬದಿ ಕುಸಿದು ಹ್ಯಾಂಡಲ್ ಅಲುಗಾಡುತ್ತದೆ. ಅಳೆಯುವಾಗ ಟ್ಯಾಂಕ್ ತುಂಬಿರಲಿ, ಮೈಮೇಲೆ ರೇಸಿನ ಗೇರ್, ಬೆನ್ನಿಗೆ ನೀರಿನ ಚೀಲ ಎಲ್ಲ ಇರಲಿ. ಸಂಜೆ ತಂಗಿದಲ್ಲಿ ಚಕ್ರದ ಪ್ರತಿಯೊಂದು ಕಡ್ಡಿಯನ್ನೂ ಸ್ಪ್ಯಾನರಿನಿಂದ ತಟ್ಟಿ ನೋಡುತ್ತಾರೆ. ಠಣ್ ಎಂದರೆ ಸರಿ, ಮಂದ ಸದ್ದು ಬಂದರೆ ಸಡಿಲ. ರಿಮ್ ಲಾಕ್ ಪಕ್ಕದ ಕಡ್ಡಿಗಳೇ ಮೊದಲು ಸಡಿಲವಾಗುವುದು.

ಊರಿನ ಹುಡುಗರು ಬೈಕ್ ಕಂಡಲ್ಲೆಲ್ಲ ಕೈಚಾಚಿ ಕೇಳುವುದು ಸ್ಟಿಕ್ಕರ್. ಒಂದು ಕಟ್ಟು ಜೇಬಿನಲ್ಲಿರಲಿ, ದುಡ್ಡಿಗಿಂತ ಅದಕ್ಕೇ ಬೆಲೆ.

ಐದನೇ ದಿನ: ಗೊನ್ಸಾಗಾ, ಗೆರೆರೋ ನೆಗ್ರೋ

ಪುಯೆರ್ತೆಸಿತೋಸ್ ದಾಟಿ ಗೊನ್ಸಾಗಾ ಕೊಲ್ಲಿಗೆ ಈಗ ಡಾಂಬರಿದೆ. 2018ರಲ್ಲಿ ರೋಸಾ ಚಂಡಮಾರುತ ಇದರ ಸೇತುವೆಗಳನ್ನು ಕಿತ್ತುಹಾಕಿತ್ತು. ಈಗಲೂ ಮಳೆ ಬಂದರೆ ‘ವಾದೋ’ ಎಂಬ ಫಲಕದ ಕಡೆ ಗಮನವಿರಲಿ, ಅಲ್ಲಿ ರಸ್ತೆ ಹಳ್ಳಕ್ಕೆ ಇಳಿಯುತ್ತದೆ. ಗೊನ್ಸಾಗಾದಲ್ಲಿ ಪೆಟ್ರೋಲ್ ಸಿಕ್ಕರೆ ಟ್ಯಾಂಕ್ ಎಷ್ಟೇ ಇರಲಿ ತುಂಬಿಸಿಬಿಡಿ. ಮುಂದೆ ಕೋಕೋಸ್ ಕಾರ್ನರ್, ಆಮೇಲೆ ಚಪಾಲಾ ಹತ್ತಿರ 1ನೇ ಹೆದ್ದಾರಿ. ಮರ ಎಂದರೆ ಇಲ್ಲಿ ಕಾರ್ದೋನ್ ಕಳ್ಳಿ ಮತ್ತು ತುದಿ ಬಾಗಿದ ಉದ್ದನೆಯ ಸಿರಿಯೊ.

ಈ ಭಾಗದಲ್ಲಿ ಫೋನ್ ಸಿಗ್ನಲ್ ನೆಚ್ಚಬೇಡಿ. ರೇಸಿನ ದಿನ ಮಾತುಕತೆಯೆಲ್ಲ ವಿಎಚ್‌ಎಫ್ ರೇಡಿಯೋದಲ್ಲಿ. ಹೇಳುವಾಗ ರೇಸಿನ ಮೈಲಿ ಸಂಖ್ಯೆ ಹೇಳಬೇಕು. ಹೆದ್ದಾರಿಯ ಕಲ್ಲು ಕಿಲೋಮೀಟರಿನಲ್ಲಿ, ಓಟದ ನಕ್ಷೆ ಮೈಲಿಯಲ್ಲಿ. ‘230ರಲ್ಲಿ ಬಿದ್ದಿದ್ದಾನೆ’ ಎಂದಷ್ಟೇ ಹೇಳಿದರೆ ಸಹಾಯ ಬೇರೆಲ್ಲೋ ಹೋಗುತ್ತದೆ. ಬೈಕಿನಲ್ಲಿರುವ ಟ್ರ್ಯಾಕರ್ ಸವಾರ ಎಲ್ಲಿದ್ದಾನೆ ಎಂಬುದನ್ನೂ, ಊರೊಳಗಿನ 37 ಮೈಲಿ, ಹೆದ್ದಾರಿಯ 60 ಮೈಲಿ ವೇಗಮಿತಿ ಮೀರಿದ್ದನ್ನೂ ದಾಖಲಿಸುತ್ತದೆ. ಗೆದ್ದೆವೆಂದು ಕುಣಿದ ತಂಡಗಳು ದಂಡದ ಲೆಕ್ಕ ಬಂದ ಮೇಲೆ ಕೆಳಗಿಳಿದದ್ದಿದೆ.

28ನೇ ಅಕ್ಷಾಂಶದಲ್ಲಿ ರಾಜ್ಯದ ಗಡಿ, ಚಳಿಗಾಲದಲ್ಲಿ ಅದರಾಚೆ ಗಡಿಯಾರ ಒಂದು ಗಂಟೆ ಮುಂದೆ. ಪಿಟ್‌ಗೆ ತಲುಪುವ ಹೊತ್ತನ್ನು ಓಟ ಶುರುವಾದಾಗಿನಿಂದ ಕಳೆದ ಗಂಟೆಗಳಲ್ಲಿ ಬರೆದುಕೊಂಡರೆ ಈ ತಾಪತ್ರಯವಿಲ್ಲ. ಗೆರೆರೋ ನೆಗ್ರೋ ಉಪ್ಪಿನ ಊರು, ಅಲ್ಲಿಯ ಸ್ಕಾಲಪ್ ಚಿಪ್ಪಿನ ಟಾಕೊ ಎನ್ಸೆನಾಡಾದ ಮೀನಿಗಿಂತ ಒಂದು ಕೈ ಮೇಲು.

ಆರನೇ ದಿನ: ಸಾನ್ ಇಗ್ನಾಸಿಯೊ, ಸಿಲ್ಟ್

ಬೆಳಗ್ಗೆ ಖರ್ಜೂರದ ತೋಪು, 1728ರಲ್ಲಿ ಶುರುವಾದ ಮಿಷನ್ನಿನ ಚರ್ಚು, ನೆರಳು, ನೀರು. ಮಧ್ಯಾಹ್ನದ ಹೊತ್ತಿಗೆ ಸಿಲ್ಟ್. ಮರಳಿಗಿಂತ ಎಷ್ಟೋ ನಯ, ಹಿಡಿದರೆ ಬೆರಳ ಸಂದಿಯಲ್ಲಿ ನೀರಿನ ಹಾಗೆ ಸೋರುವ ಪುಡಿಮಣ್ಣು. ಮೇಲಿನಿಂದ ನೋಡಿದರೆ ಸಮತಟ್ಟು, ಅಡಿಯಲ್ಲಿ ಮೊಣಕಾಲಾಳದ ಚಕ್ರದ ಕೊರಕಲು, ಕಲ್ಲು. ಗುರುತು ಹಿಡಿಯುವುದು ಬಣ್ಣದಿಂದ: ಸುತ್ತಲ ನೆಲಕ್ಕಿಂತ ಬಿಳಿಚು, ಒಂದು ಕಲ್ಲೂ ಮೇಲೆ ಕಾಣದ ನುಣುಪು. ಕಂಡ ಕೂಡಲೇ ನಿಂತು, ಭಾರ ಹಿಂದಕ್ಕೆ, ಎಕ್ಸಲರೇಟರ್ ಬಿಡದೆ ದಾಟಬೇಕು, ಬಿಟ್ಟರೆ ಮುಂದಿನ ಚಕ್ರ ಹೂತು ನಿಂತೇ ಬಿಡುತ್ತದೆ. ಪಕ್ಕದಲ್ಲಿ ಪೊದೆಗಳ ನಡುವೆ ಗಟ್ಟಿ ಜಾಡಿದ್ದರೆ, ಅದು ಓಟದ ಮಿತಿಯೊಳಗಿದ್ದರೆ, ಅದೇ ಹಿಡಿಯಿರಿ. ಪ್ರೀ-ರನ್‌ನಲ್ಲಿ ಈ ಪಕ್ಕದ ಜಾಡುಗಳನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿಕೊಂಡವನಿಗೂ ಮಾಡಿಕೊಳ್ಳದವನಿಗೂ ಇಲ್ಲಿ ಅರ್ಧ ಗಂಟೆಯ ಅಂತರ ಬೀಳಬಹುದು.

ಹಿಂದೆ ಬಂದ ಚೇಸ್ ಟ್ರಕ್ಕು (ಸವಾರನ ನೆರವಿಗೆ ಹಿಂದೆ ಬರುವ ತಂಡದ ಗಾಡಿ) ಆಕ್ಸಲ್‌ವರೆಗೆ ಹೂತಿತು. ಚಕ್ರ ತಿರುಗಿಸಿದಷ್ಟೂ ಒಳಗೆ. ನಾಲ್ಕೂ ಟೈರನ್ನು 35ರಿಂದ 15 ಪಿಎಸ್‌ಐಗೆ ಇಳಿಸಿ, ಚಕ್ರದ ಮುಂದಿನ ಮಣ್ಣು ಅಗೆದು, ಹಲಗೆ ಕೊಟ್ಟು, ಮೊದಲ ಗೇರಿನಲ್ಲಿ ಮೆಲ್ಲಗೆ ಎತ್ತಿದ ಮೇಲೆ ಹೊರಬಂತು. ಹತ್ತಿರದ ರಾಂಚಿನ ಮುದುಕ ಹಗ್ಗ ಹಿಡಿದು ಬಂದು, ಕೆಲಸ ಮುಗಿದದ್ದು ಕಂಡು ನಕ್ಕು, “ರೇಸಿನ ದಿನ ಇಲ್ಲಿ ಇಪ್ಪತ್ತು ಗಾಡಿ ಎಳೀತೀನಿ” ಎಂದ. ಖರ್ಜೂರ ಕೊಟ್ಟ, ಪೆಸೊ ಮುಟ್ಟಲಿಲ್ಲ.

ಸಿಲ್ಟ್ ಕೊಲ್ಲುವುದು ಎಂಜಿನ್ನನ್ನು. ಫೋಮ್ ಫಿಲ್ಟರನ್ನು ತೊಳೆದು ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಹಿಂಡಿ ಹಿಂಡಿ ಎಲ್ಲೆಡೆ ಒಂದೇ ಬಣ್ಣ ಬರುವವರೆಗೆ ನಾದಬೇಕು. ಏರ್‌ಬಾಕ್ಸಿಗೆ ತಾಗುವ ಅಂಚಿಗೆ ಗ್ರೀಸ್ ಹಚ್ಚಬೇಕು. ಮೇಲೆ ತೆಳ್ಳನೆಯ ಹೊರಕವಚ ಹಾಕಿದ್ದರೆ ಪಿಟ್‌ನಲ್ಲಿ ಅದನ್ನಷ್ಟೇ ಕಿತ್ತು ಮುಂದೆ ಹೋಗಬಹುದು, ಸೆಕೆಂಡುಗಳ ಕೆಲಸ. ಪೂರ್ತಿ ಬದಲಿಸುವಾಗ ಹಳೆಯದನ್ನು ಎತ್ತಿದ ಕೂಡಲೇ ಒಳಬಾಯಿಗೆ ಶುದ್ಧ ಬಟ್ಟೆ ತುರುಕಿ, ಆಮೇಲೆ ಏರ್‌ಬಾಕ್ಸ್ ಒರೆಸಿ. ಒಂದು ಚಮಚ ಮಣ್ಣು ಒಳಗೆ ಹೋದರೂ ಪಿಸ್ಟನ್ ರಿಂಗ್ ಸವೆದು ಕಂಪ್ರೆಷನ್ ಇಳಿಯುತ್ತದೆ, ಲಾ ಪಾಜ್ ಬರುವಷ್ಟರಲ್ಲಿ ಬೈಕು ನೀಲಿ ಹೊಗೆ ಬಿಡುತ್ತದೆ. ರೇಡಿಯೇಟರಿನ ರೆಕ್ಕೆಗಳಲ್ಲಿ ಕೂತ ಪುಡಿಯನ್ನು ಹಿಂದಿನಿಂದ ಮುಂದಕ್ಕೆ ಊದಿ ತೆಗೆಯಬೇಕು. ಮುಂದಿನಿಂದ ಊದಿದರೆ ಇನ್ನಷ್ಟು ಒಳಗೆ ಕೂರುತ್ತದೆ.

ಏಳನೇ ದಿನ: ಲೊರೆತೊ, ಲಾ ಪಾಜ್

ಲೊರೆತೊದಲ್ಲಿ ಚಾಕಲೇಟ್ ಬಣ್ಣದ ಚಿಪ್ಪಿನ ಕ್ಲ್ಯಾಮ್ ತಿಂದು, ಬೆಟ್ಟ ಹತ್ತಿ, ಸಿಯುದಾದ್ ಕೊನ್ಸ್ತಿತುಸಿಯೋನ್‌ನ ನೇರ ಹೆದ್ದಾರಿ. ಈ ಹೆದ್ದಾರಿ ಓಟದ ದಾರಿಗಿಂತ ಕಮ್ಮಿ ಅಪಾಯದ್ದಲ್ಲ. ಅಗಲ ಕಡಿಮೆ, ಹಲವೆಡೆ ಅಂಚೇ ಇಲ್ಲ. ನಿದ್ದೆಗೆಟ್ಟ ಚೇಸ್ ಡ್ರೈವರುಗಳು ಸವಾರನಿಗಿಂತ ಮೊದಲು ಪಿಟ್ ಮುಟ್ಟುವ ಅವಸರದಲ್ಲಿರುತ್ತಾರೆ, ರಾತ್ರಿ ದನಗಳು ರಸ್ತೆಯ ಮೇಲೇ ನಿಂತಿರುತ್ತವೆ. ಮುಂದಿನ ಲಾರಿ ಎಡ ಇಂಡಿಕೇಟರ್ ಹಾಕಿದರೆ ‘ದಾರಿ ಖಾಲಿ, ದಾಟು’ ಎಂದೂ ಇರಬಹುದು, ನಿಜಕ್ಕೂ ಎಡಕ್ಕೆ ತಿರುಗುತ್ತಿರಲೂಬಹುದು. ಎಡಕ್ಕೆ ತಿರುವು ಇದೆಯೇ ಎಂದು ನೋಡದೆ ದಾಟಬೇಡಿ. ಸೈನಿಕರ ತಪಾಸಣೆಯಲ್ಲಿ ಕೇಳುವುದು ಎಲ್ಲಿಂದ, ಎಲ್ಲಿಗೆ ಎಂಬುದಷ್ಟೇ. ಕಪ್ಪು ಕನ್ನಡಕ ತೆಗೆದು ಉತ್ತರಿಸಿದರೆ ಬೇಗ ಬಿಡುತ್ತಾರೆ.

ಕೊನೆಯ ನೂರು ಮೈಲಿಗೆ ತಂಡಗಳು ಸಾಮಾನ್ಯವಾಗಿ ಅತಿ ವೇಗದವನನ್ನಲ್ಲ, ಕತ್ತಲಲ್ಲಿ ಬೀಳದವನನ್ನು ಇಡುತ್ತವೆ. ದೀಪದ ಬೆಳಕು ಎಲ್ಲಿಯವರೆಗೆ ಬೀಳುತ್ತದೋ ಅಷ್ಟರೊಳಗೆ ನಿಲ್ಲಿಸಲು ಆಗದ ವೇಗ ರಾತ್ರಿ ಯಾರಿಗೂ ದಕ್ಕಿಲ್ಲ. ಆ ಹೊತ್ತಿಗೆ ಹಿಂದಿನಿಂದ ಟ್ರೋಫಿ ಟ್ರಕ್ಕುಗಳೂ ಬಂದಿರಬಹುದು. ಕನ್ನಡಿಯಿಲ್ಲದ ಬೈಕಿನವನಿಗೆ ಅವುಗಳ ಸುಳಿವು ಸಿಗುವುದು ಟ್ರ್ಯಾಕರಿನ ಎಚ್ಚರಿಕೆಯಿಂದ, ಇಲ್ಲವೇ ತನ್ನ ನೆರಳು ಎದುರಿಗೆ ಬೀಳುವುದರಿಂದ. ನೆರಳು ಕಂಡ ಕೂಡಲೇ ದಾರಿ ಬಿಟ್ಟು ಪಕ್ಕಕ್ಕೆ ಹೋಗಿ, ಅದರ ಧೂಳು ಇಳಿಯುವವರೆಗೆ ನಿಲ್ಲಬೇಕು. ಎರಡನೆಯ ಟ್ರಕ್ಕು ಅದೇ ಧೂಳಿನೊಳಗೆ ಇರಬಹುದು.

ಮರಳುವ ದಾರಿ ಎನ್ಸೆನಾಡಾಕ್ಕೆ 1,300 ಕಿ.ಮೀ.ಗೂ ಮಿಕ್ಕು, ಹಗಲಿನಲ್ಲಷ್ಟೇ ಓಡಿಸಿ ಎರಡು ದಿನಕ್ಕೆ ಹಂಚಿ. ಹೆಸುಸ್ ಮರಿಯಾ ಬಿಟ್ಟ ಮೇಲೆ ಎಲ್ ರೊಸಾರಿಯೊವರೆಗೆ 300 ಕಿ.ಮೀ.ಗೂ ಹೆಚ್ಚು ದೂರ ಬಂಕಿನ ಮೇಲೆ ನೆಚ್ಚಿಕೆ ಇಡುವಂತಿಲ್ಲ. ಕಟಾವಿನ್ಯಾದಲ್ಲಿ ರಸ್ತೆಬದಿ ಡ್ರಮ್ಮಿನಿಂದ ಮಾರುತ್ತಾರೆ. ಬೆಲೆ ಮೊದಲೇ ಕೇಳಿ, ಬಟ್ಟೆ ಹಿಡಿದು ಸೋಸಿಯೇ ಹಾಕಿಸಿಕೊಳ್ಳಿ.